ಹಿತ್ತಲ ಬಾಗಿಲಿಗೆ ಕಟ್ಟಿದ ಬೇವು

ಮೊನ್ನೆ ಅಟ್ಟದ ಮೇಲೆ ಹುಣಸೆಹಣ್ಣಿನ ಮಡಕೆ ಹುಡುಕುವಾಗ ಕೈಗೆ ಒಂದು ರಬ್ಬರ್ ಗ್ಲೌಸು ಸಿಕ್ಕಿತು. ಒಂದೇ. ಎಡಗೈಯದು. ಹೆಂಚಿನ ಕಾವಿಗೆ ಗಟ್ಟಿಯಾಗಿ, ಬೆರಳು ಅರ್ಧ ಮಡಚಿಕೊಂಡು ಬಿದ್ದಿತ್ತು. ಹೆಬ್ಬೆರಳನ್ನು ಇಲಿ ಕಡಿದಿತ್ತು. ರಬ್ಬರಿನಲ್ಲಿ ಅದಕ್ಕೇನು ರುಚಿ ಸಿಕ್ಕಿತೋ ಕಾಣೆ. ಆ ಇಲಿ ಇದೆಯೋ ಸತ್ತಿದೆಯೋ ಗೊತ್ತಿಲ್ಲ. ಸತ್ತಿದ್ದರೆ ಇಷ್ಟೊತ್ತಿಗೆ ನಾತ ಬರಬೇಕಿತ್ತು.

ಅದನ್ನು ತಂದವಳು ನನ್ನ ಮಗಳು ಮಂಜುಳಾ. ಕಳೆ ಔಷಧಿಯ ಬಾಟಲಿಯ ಜೊತೆಗೇ ಶ್ರೀನಿವಾಸಪುರದ ಅಂಗಡಿಯಿಂದ ತಂದಿದ್ದಳು. ತನ್ನ ಗಂಡ ಹೋದ ಮೇಲೆ ಅವಳು ನನ್ನ ಜೊತೆಯೇ ಇದ್ದಾಳೆ, ಜಗಲಿಯ ಮೇಲೆ ಮಿಷನ್ ಹಾಕಿಕೊಂಡು ರವಿಕೆ ಹೊಲಿಯುತ್ತಾಳೆ. ಅಳತೆಯ ಮನುಷ್ಯಳು. ಸಾರಿಗೆ ಉಪ್ಪು ಹಾಕುವಾಗಲೂ ಚಮಚ ಹುಡುಕುತ್ತಾಳೆ. ನಾನು ಕೈಯಳತೆಯಲ್ಲಿ ಹಾಕಿದ ಉಪ್ಪು ತಿಂದು ಬೆಳೆದವಳೇ ಈಗ ನನಗೆ ಚಮಚ ತೋರಿಸುತ್ತಾಳೆ. ಇರಲಿ, ಅವಳ ಕಾಲ.

ಕಳೆಯ ಕೆಲಸಕ್ಕೆ ಗ್ಲೌಸು ಎಂದಾಗ ನನಗೆ ನಗು ಬಂದಿತ್ತು. ನಾನು ಹುಟ್ಟಿದ್ದು ಟೇಕಲ್ ಹತ್ತಿರ. ಬೆಟ್ಟ, ಬಂಡೆ, ಬಂಡೆಯ ಸಂದಿನಲ್ಲಿ ರಾಗಿ. ರಾಗಿ ಮೊಳಕಾಲ ಮಟ್ಟ ಬಂದಾಗ ಹೆಂಗಸರೆಲ್ಲ ಸಾಲಾಗಿ ಕುಕ್ಕರಗಾಲಲ್ಲಿ ಕೂತು ವರವಾರಿಯಲ್ಲಿ ಕಳೆ ತೆಗೆಯುತ್ತಿದ್ದರು. ವರವಾರಿ ಎಂದರೆ ಅಂಗೈಯಷ್ಟು ಅಗಲದ ಕಬ್ಬಿಣದ ಬಾಯಿ, ಗಿಡ್ಡ ಹಿಡಿ, ಅಷ್ಟೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ನನ್ನನ್ನೂ ಆ ಸಾಲಿಗೆ ಕೂರಿಸಿದರು. ರಾಗಿಯ ಪೈರಿನ ಮಧ್ಯೆ ರಾಗಿಯ ಹಾಗೇ ಕಾಣುವ ಒಂದು ಹುಲ್ಲು ಬರುತ್ತದೆ. ನಾನು ಹುಲ್ಲು ಬಿಟ್ಟು ರಾಗಿ ಕಿತ್ತೆ. ಅವ್ವ ವರವಾರಿಯ ಹಿಡಿಯಲ್ಲಿ ಗೆಣ್ಣಿನ ಮೇಲೆ ಒಂದು ಕೊಟ್ಟಳು. ನನ್ನ ಕಿರುಬೆರಳು ಇವತ್ತಿಗೂ ಸೊಟ್ಟಗಿದೆ. ನಿಜ ಹೇಳಬೇಕೆಂದರೆ ಅದು ಆಮೇಲೆ ಎಮ್ಮೆ ತುಳಿದು ಆದದ್ದು. ಆದರೆ ಕೇಳಿದವರಿಗೆಲ್ಲ ಅವ್ವನ ಹೆಸರೇ ಹೇಳುತ್ತೇನೆ. ಎಮ್ಮೆಗಿಂತ ಅವ್ವನ ಹೆಸರು ಹೇಳಿದರೆ ಜನ ಕೇಳುತ್ತಾರೆ.

ಶಾಲೆ ಅಲ್ಲಿಗೇ ಮುಗಿಯಿತು. ಅಕ್ಷರ ಕಲಿತದ್ದು ದೊಡ್ಡವಳಾದ ಮೇಲೆ, ಬಸ್ಸಿನ ಬೋರ್ಡು ನೋಡಿ. ಕೋಲಾರ, ಮಾಲೂರು, ಮುಳಬಾಗಿಲು. ಊರಿನ ಹೆಸರುಗಳೆಲ್ಲ ಬರುತ್ತವೆ. ಒತ್ತಕ್ಷರ ಬಂದರೆ ಈಗಲೂ ತಡವರಿಸುತ್ತೇನೆ. ಇದನ್ನು ಓದುವವರು ತಪ್ಪಿದ್ದರೆ ತಿದ್ದಿಕೊಳ್ಳಿ.

ಕಳೆ ತೆಗೆದ ಮೇಲೆ ಅದನ್ನೆಲ್ಲ ಬದುವಿಗೆ ಎಸೆಯುವುದಿಲ್ಲ. ಅರ್ಧ ಎಮ್ಮೆಗೆ, ಅರ್ಧ ನಮಗೆ. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಮುಳ್ಳು ದಂಟು, ಕಾಕಿ ಸೊಪ್ಪು, ಹೊನಗೊನೆ. ಯಾರೂ ಬಿತ್ತಿದ್ದಲ್ಲ, ನೀರು ಹಾಯಿಸಿದ್ದಲ್ಲ. ಎಲ್ಲ ಬೆರೆಸಿ ಬೇಯಿಸಿದರೆ ಬೆರಕೆ ಸೊಪ್ಪು. ಮಳೆ ಬಿದ್ದ ಮೇಲೆ ನಮ್ಮ ಕಡೆ ಸಾಯಂಕಾಲವಾದರೆ ಹೆಂಗಸರು ಮಡಿಲು ಕಟ್ಟಿಕೊಂಡು ಹೊರಡುತ್ತಾರೆ. ಯಾರ ಹೊಲವಾದರೂ ಸರಿ, ಯಾರ ಹಿತ್ತಲಾದರೂ ಸರಿ. ಒಂದು ಟೊಮ್ಯಾಟೊ ಕಿತ್ತರೆ ಕಳ್ಳತನ, ಒಂದು ಮಾವಿನಕಾಯಿ ಕಿತ್ತರೆ ಜಗಳ. ಸೊಪ್ಪು ಕಿತ್ತರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಅದಕ್ಕೆ ಒಡೆಯರಿಲ್ಲ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ.

ಮದುವೆಯಾಗಿ ರಾಯಲ್ಪಾಡು ಕಡೆ ಬಂದಾಗ ನನ್ನ ಸೊಪ್ಪುಗಳೆಲ್ಲ ಹೆಸರು ಬದಲಾಯಿಸಿಕೊಂಡು ಕೂತಿದ್ದವು. ಅತ್ತೆಗೆ ಕನ್ನಡ ಬರುತ್ತಿತ್ತು, ಆದರೆ ಅಡಿಗೆಮನೆಯಲ್ಲಿ ಅವಳು ತೆಲುಗೇ ಆಡುತ್ತಿದ್ದಳು. ಪಾಯಲಕೂರ ತಾ ಎಂದರೆ ನಾನು ಬೆಪ್ಪಾಗಿ ನಿಲ್ಲುತ್ತಿದ್ದೆ. ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ಇದೇ ಕಣೇ ನಿಮ್ಮ ಗೋಣಿ ಸೊಪ್ಪು, ಅಳಬೇಡ, ಎಂದವಳು ಎರಡು ಮನೆ ಆಚೆಯ ಯಲ್ಲಕ್ಕ. ಅವಳೂ ಆಗ ಹೊಸ ಸೊಸೆಯೇ, ನನಗಿಂತ ಸ್ವಲ್ಪ ಮೊದಲು ಬಂದವಳು. ಚಿಕ್ಕಂದಿನಲ್ಲಿ ಮೈಮೇಲೆ ಅಮ್ಮ ಬಂದು ಮುಖವೆಲ್ಲ ಸಿಡುಬಿನ ಕಲೆ. ಅವತ್ತಿನಿಂದ ನಾವಿಬ್ಬರೂ ಒಟ್ಟಿಗೇ ಸೊಪ್ಪಿಗೆ ಹೋಗುತ್ತಿದ್ದೆವು. ಸ್ನೇಹ ಗೀಹ ಎಂದು ನಾವೇನೂ ಹೆಸರಿಟ್ಟುಕೊಂಡಿರಲಿಲ್ಲ. ಅವಳ ಗಂಡ ಸತ್ತ, ನನ್ನ ಗಂಡ ಸತ್ತ, ಸೊಪ್ಪು ಕೀಳುವುದು ನಿಲ್ಲಲಿಲ್ಲ. ನನ್ನ ಮೊಣಕಾಲು ಹೋದ ಮೇಲೆ ಅವಳೊಬ್ಬಳೇ ಹೋಗುತ್ತಿದ್ದಳು. ಅವಳ ಮಗಳು ನಂಗಲಿಯಲ್ಲಿದ್ದಾಳೆ, ಕರೆದರೂ ಅಲ್ಲಿ ನಿಲ್ಲುತ್ತಿರಲಿಲ್ಲ. ಅಲ್ಲಿ ಬರೀ ಲಾರಿ, ಒಂದು ಎಲೆ ಸೊಪ್ಪಿಲ್ಲ, ದಿನಾ ಆಲೂಗಡ್ಡೆ ಹಾಕ್ತಾರೆ ಎಂದು ಬೈದುಕೊಂಡು ಬಂದುಬಿಡುತ್ತಿದ್ದಳು. ಒಂಟಿ ಹೆಂಗಸು, ಒಂದು ಮುದ್ದೆ, ಒಂದು ಹಿಡಿ ಸೊಪ್ಪು. ಅದೇ ಅವಳ ಊಟ. ಅದು ನಮ್ಮ ಹಿತ್ತಲಿನಿಂದಲೇ ಹೆಚ್ಚು ಹೋಗುತ್ತಿತ್ತು.

ಹೋದ ಮಳೆಗಾಲದಲ್ಲಿ ಆ ಹಿತ್ತಲು ಕೈಮೀರಿತು. ಕೊನ್ನಾರಿ, ಗರಿಕೆ, ಪಾರ್ಥೇನಿಯಂ, ಎಲ್ಲ ಸೊಂಟದವರೆಗೆ. ನನಗೆ ಕೂರಲು ಬರುವುದಿಲ್ಲ, ಕೂತರೆ ಏಳಲು ಬರುವುದಿಲ್ಲ. ಕೂಲಿಗೆ ಕರೆದರೆ ಯಾರೂ ಇಲ್ಲ, ಎಲ್ಲರೂ ಟೊಮ್ಯಾಟೊ ಕೀಳಲು ಹೋಗಿದ್ದರು. ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಂಜುಳಾ ಕೊಳಕುಮಂಡಲ ನೋಡಿದಳು. ಅದರ ಮೇಲೆ ಕಾಲಿಡುವುದರಲ್ಲಿದ್ದಳು. ಅವತ್ತೇ ಹೋಗಿ ಔಷಧಿ ತಂದಳು. ನಾನು ಬೇಡ ಎನ್ನಲಿಲ್ಲ. ಹಾವಿಗೂ ಔಷಧಿಗೂ ಮಧ್ಯೆ ಒಂದನ್ನು ಆರಿಸು ಎಂದರೆ ಯಾರಾದರೂ ಔಷಧಿಯನ್ನೇ ಆರಿಸುತ್ತಾರೆ.

ಅವಳು ಎಲ್ಲವನ್ನೂ ಸರಿಯಾಗಿಯೇ ಮಾಡಿದಳು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆಮೇಲೆ ಬಾಟಲಿ ತಂದವಳೆಂದು ಊರೆಲ್ಲ ಅವಳನ್ನೇ ಅಂದಿತು. ಬಾಟಲಿಯ ಮೇಲೆ ತ್ರಿಕೋನದ ಗುರುತಿತ್ತು, ನೀಲಿ ಬಣ್ಣದ್ದು. ಕೆಂಪಾದರೆ ಮಹಾ ವಿಷ, ಆಮೇಲೆ ಹಳದಿ, ಆಮೇಲೆ ನೀಲಿ, ಹಸಿರಾದರೆ ಎಲ್ಲಕ್ಕಿಂತ ಕಡಿಮೆ ಎಂದು ಅಂಗಡಿಯವನು ಹೇಳಿದ್ದನಂತೆ. ಜೊತೆಗಿದ್ದ ಕಾಗದವನ್ನು ಅವಳು ಜಗಲಿಯಲ್ಲಿ ಕೂತು ರವಿಕೆಯ ಅಳತೆ ಓದುವ ಹಾಗೆ ಓದಿದಳು. ಗಾಳಿಯಿಲ್ಲದ ಬೆಳಿಗ್ಗೆ ನೋಡಿಕೊಂಡಳು. ತುಂಬುತೋಳಿನ ಅಂಗಿ, ಮುಖಕ್ಕೆ ಬಟ್ಟೆ, ಕೈಗೆ ಗ್ಲೌಸು, ಕಾಲಿಗೆ ನನ್ನ ಗಂಡನ ಹಳೇ ಬೂಟು. ಬಂದೋಬಸ್ತಿಗೆ ಹೊರಟ ಪೊಲೀಸಿನವನ ಹಾಗೆ ಕಾಣುತ್ತಿದ್ದಳು. ಪಕ್ಕದವರು ಮೆಣಸಿನ ಗಿಡಕ್ಕೆ ಹೊಡೆಯುವ ಕ್ಯಾನು ಕೊಡುತ್ತೇವೆಂದರು, ಬೇಡವೆಂದು ಬೇರೆಯೇ ಕ್ಯಾನು ತಂದುಕೊಂಡಳು. ಕಳೆ ಔಷಧಿಯ ಕ್ಯಾನಿನಲ್ಲಿ ಬೇರೆ ಏನು ಹೊಡೆದರೂ ಆ ಗಿಡ ಸಾಯುತ್ತದಂತೆ, ಎಷ್ಟು ತೊಳೆದರೂ ಅಷ್ಟೇ ಅಂತೆ. ಬಾವಿಯ ಕಡೆ ಒಂದು ಹನಿ ಬೀಳದಂತೆ ಹೊಡೆದಳು. ಕ್ಯಾನು ಮತ್ತೆ ಮತ್ತೆ ತೊಳೆದು ಆ ನೀರನ್ನೂ ಹಿತ್ತಲಿಗೇ ಹೊಡೆದಳು, ಮೋರಿಗೆ ಚೆಲ್ಲಲಿಲ್ಲ. ಉಳಿದ ಔಷಧಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಕೋಳಿಗಳನ್ನು ಕೂಡಿಹಾಕಿದಳು.

ಮಕ್ಕಳನ್ನೂ ದನಗಳನ್ನೂ ಒಳಗೆ ಬಿಡಬಾರದೆಂದು ಕಾಗದದಲ್ಲಿತ್ತು. ಸೊಪ್ಪು ಕೀಳುವ ಹೆಂಗಸರ ಮಾತು ಇರಲಿಲ್ಲ. ಅದನ್ನು ನೆನೆಸಿದವಳು ನಾನು. ಹಿತ್ತಲ ಬಾಗಿಲಿಗೆ ಒಂದು ರಟ್ಟು ಕಟ್ಟಿ ಔಷಧಿ ಹೊಡೆದಿದೆ ಎಂದು ಬರೆಯುತ್ತೇನೆ ಎಂದಳು ಮಂಜುಳಾ. ಯಾರೇ ಅದನ್ನು ಓದೋದು, ಸೊಪ್ಪಿಗೆ ಬರೋರೇನು ಕನ್ನಡಕ ಹಾಕ್ಕೊಂಡು ಬರ್ತಾರಾ, ಎಂದು ನಾನೇ ಹಂಗಿಸಿದೆ. ಅಕ್ಕಪಕ್ಕದವರಿಗೆಲ್ಲ ಬಾಯಲ್ಲಿ ಹೇಳಿದೆ. ಯಲ್ಲಕ್ಕನಿಗೆ ಹೇಳಲು ಹೋದರೆ ಬಾಗಿಲಿಗೆ ಬೀಗ. ನಂಗಲಿಗೆ ಹೋಗಿದ್ದಳು, ಯಾವಾಗ ಬರುತ್ತಾಳೋ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಹಿತ್ತಲ ಬಾಗಿಲಿಗೆ, ಬೀದಿಗೂ ಕಾಣುವ ಹಾಗೆ, ಒಂದು ಕಟ್ಟು ಬೇವು ಕಟ್ಟಿದೆ.

ನಮ್ಮ ಕಡೆ ಬಾಗಿಲಿಗೆ ಬೇವು ಕಟ್ಟಿದರೆ ಆ ಮನೆಗೆ ಅಮ್ಮ ಬಂದಿದ್ದಾಳೆ ಎಂದರ್ಥ. ಯಾರದೋ ಮೈಮೇಲೆ ಗುಳ್ಳೆ ಎದ್ದಿದೆ, ಯಾರೂ ಒಳಗೆ ಬರಬೇಡಿ. ಅಕ್ಷರ ಬಾರದವರೂ ಓದುವ ಬೋರ್ಡು ಅದೊಂದೇ.

"ಅಮ್ಮಾ, ಅದು ಕಾಯಿಲೆ ಬಂದ ಮನೆಗೆ ಕಟ್ಟೋದು," ಎಂದಳು ಮಂಜುಳಾ.

"ಯಾರೂ ಬರ್ದಿದ್ರೆ ಸಾಕಲ್ಲ," ಎಂದೆ.

ಯಾರೂ ಬರಲಿಲ್ಲ. ಹಾಲಿನವನು ಬೀದಿಯಲ್ಲೇ ಚೊಂಬಿಟ್ಟು ಹೋದ. ರವಿಕೆಗೆ ಬಂದವರು ದೂರದಿಂದಲೇ ತಿರುಗಿಕೊಂಡರು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡು ಕೂತಿದ್ದೆ.

ಆ ಔಷಧಿ ಹೊಡೆದ ತಕ್ಷಣ ಏನೂ ಕಾಣುವುದಿಲ್ಲ. ಮಾರನೆಯ ದಿನವೂ ಕಳೆ ಹಸಿರಾಗಿಯೇ ನಿಂತಿರುತ್ತದೆ. ಹಳದಿ ಬರಲು ದಿನ ಹಿಡಿಯುತ್ತದೆ, ಬೇರಿನಿಂದ ಸಾಯುವುದಂತೆ. ಅವಸರದವರಿಗೆ ಮೋಸವಾಯಿತೆಂದೇ ಅನ್ನಿಸುತ್ತದೆ. ನಾನೂ ಮಂಜುಳಾಳನ್ನು, ಅಂಗಡಿಯವನು ಬರೀ ನೀರು ಕೊಟ್ಟಿರಬೇಕು ಎಂದು ರೇಗಿಸಿದೆ.

ಔಷಧಿ ಹೊಡೆದ ಮಾರನೆಯ ಮಧ್ಯಾಹ್ನ ಬೀದಿಬಾಗಿಲಲ್ಲಿ ಯಲ್ಲಕ್ಕನ ದನಿ ಕೇಳಿತು. ನಾನು ಎದ್ದು ಬಂದೆ. ಜಗಲಿಯ ಮೇಲೆ ಬಟ್ಟೆ ಸುತ್ತಿದ ಒಂದು ಪಾತ್ರೆ ಇಟ್ಟುಕೊಂಡು ಕೂತಿದ್ದಳು.

"ಯಾರಿಗೆ ಬಂದವ್ಳೆ ಅಮ್ಮ? ಮಂಜುಳಂಗಾ?"

"ಯಾರಿಗೂ ಇಲ್ಲ. ನೀನ್ಯಾವಾಗ ಬಂದೆ?"

"ಬೆಳಿಗ್ಗೆ ಮೊದಲ ಬಸ್ಸಿಗೆ. ಬೇವು ನೋಡ್ದೆ. ಅಮ್ಮ ಬಂದ ಮನೇಲಿ ಒಗ್ಗರಣೆ ಹಾಕಂಗಿಲ್ಲ, ಇವರಿಗೆ ಯಾರು ಬೇಯ್ಸಿ ಹಾಕ್ತಾರೆ ಅಂತ ನಾನೇ ಸೊಪ್ಪು ಬೇಯ್ಸ್ಕೊಂಡು ಬಂದೆ. ಖಾರ ಹಾಕಿಲ್ಲ. ಹೊನಗೊನೆ ಜಾಸ್ತಿ ಐತೆ, ಮೈಗೆ ತಂಪು."

ಅಂಥ ಮನೆಗೆ ಹೊರಗಿನವರು ಬೇಯಿಸಿ ತಂದು ಬಾಗಿಲಲ್ಲಿಟ್ಟು ಹೋಗುವುದು ನಮ್ಮಲ್ಲಿ ಉಂಟು. ಅದನ್ನು ಮಾಡುವವರೂ ಇಂಥವರೇ, ಚಿಕ್ಕಂದಿನಲ್ಲೇ ಅಮ್ಮ ಬಂದು ಹೋದವರು. ಅವರಿಗೆ ಭಯವಿಲ್ಲ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಬೇವು ಕಟ್ಟುವಾಗ ನನಗೆ ಅದಕ್ಕೆ ಹೆದರುವವರೆಲ್ಲ ನೆನಪಾದರು, ಯಲ್ಲಕ್ಕ ಬೇವು ನೋಡಿದರೆ ಓಡಿಬರುವವಳು ಎಂಬುದು ಮಾತ್ರ ನೆನಪಾಗಲಿಲ್ಲ.

"ಸೊಪ್ಪು ಎಲ್ಲಿ ಕಿತ್ತೆ?" ಎಂದೆ.

"ಎಲ್ಲಿ ಕೀಳ್ತಾರೆ, ನಿನ್ನ ಹಿತ್ತಲಲ್ಲೇ. ಅಮ್ಮ ಕಾಯ್ತಾ ಅವ್ಳೆ ಅಂತ ಒಬ್ಬಳೂ ಬಂದಿರ್ಲಿಲ್ಲ. ಒಂದು ಎಲೆನೂ ಹುಳ ಮುಟ್ಟಿರ್ಲಿಲ್ಲ ಕಣೇ."

"ನೀನು ಉಂಡ್ಯಾ?"

"ಉಂಡೆ. ಉಪ್ಪು ಸರಿಯಾಗೈತೆ."

ಬೇಯಿಸಿದ ನೀರನ್ನು ಬಸಿದು ಚೆಲ್ಲಿದ್ದರೆ ಏನಾದರೂ ಕಡಿಮೆಯಾಗುತ್ತಿತ್ತೋ ಏನೋ. ನಾವು ಚೆಲ್ಲುವುದಿಲ್ಲ. ಬಸಿದ ನೀರೇ ಸಾರು. ಅದನ್ನೂ ಮುದ್ದೆಗೆ ಹಾಕಿಕೊಂಡು ಉಂಡಿದ್ದಳು.

ವಿಷಯ ಹೇಳಿದರೆ ಅವಳು ನಂಬಲಿಲ್ಲ. ನಕ್ಕಳು. ಸೊಪ್ಪು ತಿಂದು ಯಾರಾದರೂ ಸಾಯುತ್ತಾರೇನೇ ಎಂದಳು. ನಾನು ಹುಣಸೆ ನೀರು ಕುಡಿಸಿ ವಾಂತಿ ಮಾಡಿಸಲು ಹೊರಟೆ. ಮಂಜುಳಾ ನನ್ನ ಕೈಯಿಂದ ಚೊಂಬು ಕಿತ್ತುಕೊಂಡಳು. ವಾಂತಿ ಮಾಡಿಸಬಾರದೆಂದು ಆ ಕಾಗದದಲ್ಲೇ ಇತ್ತಂತೆ, ಬಾಟಲಿ ಸಮೇತ ಆಸ್ಪತ್ರೆಗೆ ಹೋಗಬೇಕೆಂದೂ ಇತ್ತಂತೆ. ಮಸೀದಿ ಬೀದಿಯ ಮಸ್ತಾನ್ ಆಟೋ ತಂದ. ಶ್ರೀನಿವಾಸಪುರಕ್ಕೆ ಅರ್ಧ ದಾರಿಯಲ್ಲಿ ಯಲ್ಲಕ್ಕನಿಗೆ ತಾನಾಗಿಯೇ ವಾಂತಿ ಶುರುವಾಯಿತು. ಮಸ್ತಾನ್ ಆಟೋ ನಿಲ್ಲಿಸಿ, ಪರವಾಗಿಲ್ಲ ಖಾಲಾ, ತೊಳ್ಕೋತೀನಿ, ಎಂದ. ಆಗ ಅವಳು ನಗುವುದು ನಿಲ್ಲಿಸಿದಳು. ನನ್ನ ಕೈ ಹಿಡಿದುಕೊಂಡಳು ಎಂದೆಲ್ಲ ನಾನು ಬರೆಯುವುದಿಲ್ಲ. ಆಟೋದ ಕಂಬಿ ಹಿಡಿದುಕೊಂಡಿದ್ದಳು.

ಡಾಕ್ಟರಮ್ಮ ಬಾಟಲಿ ನೋಡಿ, ತಂದದ್ದು ಒಳ್ಳೆಯದಾಯಿತು ಎಂದರು. ಹೊಟ್ಟೆ ಉರಿ, ಗಂಟಲು ಉರಿ, ಭೇದಿ. ಡ್ರಿಪ್ ಹಾಕಿದರು. ಕಿಡ್ನಿ ನೋಡಬೇಕು, ಕೆಲವು ದಿನ ಇಲ್ಲೇ ಇರಲಿ ಎಂದರು. ಬದುಕುತ್ತಾಳಾ ಎಂದು ನೇರವಾಗಿಯೇ ಕೇಳಿದೆ. ಈಗಲೇ ಹೇಳಲಾರೆ ಎಂದು ಅವರೂ ನೇರವಾಗಿಯೇ ಹೇಳಿದರು. ಅದು ನನಗೆ ಸರಿಯೆನ್ನಿಸಿತು. ಸುಮ್ಮನೆ ಧೈರ್ಯ ಹೇಳುವವರನ್ನು ಕಂಡರೆ ನನಗಾಗುವುದಿಲ್ಲ.

ನಾನು ಎಣಿಸದೇ ಇದ್ದದ್ದು ಇನ್ನೊಂದು. ನಮ್ಮ ಜಿಲ್ಲೆಯಲ್ಲಿ ಒಬ್ಬ ಹೆಂಗಸನ್ನು ಔಷಧಿ ಬಾಟಲಿಯ ಜೊತೆಗೆ ಆಸ್ಪತ್ರೆಗೆ ತಂದರೆ ಯಾರೂ ಏನಾಯಿತೆಂದು ಕೇಳುವುದಿಲ್ಲ. ಏಕೆ ಕುಡಿದಳು ಎಂದು ಕೇಳುತ್ತಾರೆ. ಪೊಲೀಸಿನವನು ಬಂದು ಕೇಳಿಕೊಂಡು ಹೋದ. ನರ್ಸು ಹುಡುಗಿ ಮೆತ್ತಗೆ ಮನೆಯಲ್ಲಿ ಜಗಳವಾಗಿತ್ತಾ ಎಂದಳು.

"ಯಾರ ಜೊತೆ ಜಗಳ ಆಡ್ಲಿ ತಾಯಿ," ಎಂದಳು ಯಲ್ಲಕ್ಕ, "ಮನೇಲಿರೋಳು ನಾನೊಬ್ಳೇ."

ಅದು ನರ್ಸಿಗೆ ಇನ್ನೂ ದೊಡ್ಡ ಕಾರಣವಾಗಿ ಕಂಡಿರಬೇಕು. ಅವಳ ತಲೆ ಸವರಿ ಹೋದಳು. ಪಕ್ಕದ ಮಂಚದವಳು ತನ್ನ ಸೊಸೆಗೆ ಪಿಸುಗುಟ್ಟಿದಳು. ಸಂಜೆಯ ಬಸ್ಸಿಗೆ ಸುದ್ದಿ ಊರು ಮುಟ್ಟಿತ್ತು, ಯಲ್ಲಕ್ಕ ಔಷಧಿ ಕುಡಿದಳಂತೆ. ನಂಗಲಿಯಿಂದ ಮಗಳು ಎದೆ ಬಡಿದುಕೊಂಡು ಬಂದಳು. ತಾನು ಆಲೂಗಡ್ಡೆ ಹಾಕಿದ್ದಕ್ಕೇ ಅವ್ವ ಹೀಗೆ ಮಾಡಿಕೊಂಡಳು ಎಂದು ಅತ್ತಳು. ನನಗೆ ನಗುವೂ ಬಂತು, ಅವಳಿಗೆ ಒಂದು ಬಿಡಬೇಕೆಂದೂ ಅನ್ನಿಸಿತು. ಇಲ್ಲವೇ, ಸೊಪ್ಪಿನಿಂದ ಆದದ್ದು ಎಂದು ನಾನು ಕಂಡವರಿಗೆಲ್ಲ ಹೇಳಿದೆ. ಮುಚ್ಚಿಡಲು ಹೇಳುತ್ತಿದ್ದಾಳೆ ಎಂದುಕೊಂಡರು. ಕುಡಿದದ್ದಾದರೆ ಅವರಿಗೆ ಅರ್ಥವಾಗುತ್ತಿತ್ತು. ಉಂಡದ್ದು ಅರ್ಥವಾಗಲಿಲ್ಲ.

ಅವಳು ತಂದ ಪಾತ್ರೆ ನಮ್ಮ ಜಗಲಿಯ ಮೇಲೇ ಇತ್ತು. ನಾನು ಆಸ್ಪತ್ರೆಯಿಂದ ಬಂದು, ಕೋಳಿ ಕೆದರದಷ್ಟು ಆಳ ಗುಂಡಿ ತೆಗೆಸಿ ಸೊಪ್ಪು ಸುರಿದು ಮುಚ್ಚಿಸಿದೆ. ಚೆನ್ನಾಗಿ ಬೆಂದಿತ್ತು. ಹದವಾಗಿತ್ತು.

ಯಲ್ಲಕ್ಕ ಬದುಕಿದಳು. ಡಾಕ್ಟರಮ್ಮ ಮನೆಗೆ ಕಳಿಸಿದರು. ಸೊಂಟ ಬಗ್ಗಿತು, ದನಿ ಸ್ವಲ್ಪ ಒಡೆಯಿತು, ಅಷ್ಟೆ. ಆಮೇಲೆ ಹಿತ್ತಲಿನಲ್ಲಿ ಎಲ್ಲ ಕಳೆಯೂ ಸತ್ತು, ಒಣಗಿ, ನೆಲ ಬೋಳಾಯಿತು. ಹಾವು ಕಾಣಲಿಲ್ಲ. ಔಷಧಿ ಬರೀ ನೀರಾಗಿರಲಿಲ್ಲ.

ಹೊಡೆಯಲೇಬೇಡಿ ಎಂದು ನಾನು ಯಾರಿಗೂ ಹೇಳುವವಳಲ್ಲ. ಮೊಣಕಾಲು ಹೋದವರಿಗೆ ಕೂತು ಕೀಳಿ ಎಂದು ಹೇಳುವುದು ಸುಲಭ. ಹೊಡೆಯುವುದಿದ್ದರೆ ಮುಂಚೆಯೇ ತಿನ್ನುವ ಸೊಪ್ಪನ್ನೆಲ್ಲ ಬೇರುಸಮೇತ ಕೀಳಿಸಿಬಿಡಿ. ಹಿತ್ತಲಿಗೆ ಬರುವ ಒಬ್ಬೊಬ್ಬರಿಗೂ ಬಾಯಿಬಿಟ್ಟು ಹೇಳಿ. ಒಬ್ಬರಿಗೆ ಹೇಳಲಾಗದಿದ್ದರೆ ಅವರು ಬರುವವರೆಗೆ ಹೊಡೆಯಬೇಡಿ. ಹಾವು ಎರಡು ದಿನ ಕಾಯುತ್ತದೆ.

ಯಲ್ಲಕ್ಕ ನನ್ನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. ಬೈದಿದ್ದರೆ ನಾನೂ ಎರಡು ಬೈದು ಮುಗಿಸುತ್ತಿದ್ದೆ. ಮೊದಲಿನ ಹಾಗೇ ಬಂದು ಜಗಲಿಯಲ್ಲಿ ಕೂರುತ್ತಾಳೆ, ಎಲೆಅಡಿಕೆ ಹಾಕುತ್ತಾಳೆ, ಮಗಳನ್ನು ಬೈಯುತ್ತಾಳೆ. ಆದರೆ ಸೊಪ್ಪು ಬಿಟ್ಟಳು. ಮುದ್ದೆಗೆ ಮಜ್ಜಿಗೆ ಹಾಕಿಕೊಳ್ಳುತ್ತಾಳೆ, ಇಲ್ಲದಿದ್ದರೆ ಹುಚ್ಚೆಳ್ಳು ಪುಡಿ. ಮೈ ಇಳಿದುಹೋಯಿತು. ಕುಪ್ಪಸದ ತೋಳನ್ನು ಮಂಜುಳಾ ಮತ್ತೆ ಮತ್ತೆ ಒಳಗೆ ಹಿಡಿದು ಹೊಲಿಯಬೇಕಾಯಿತು. ಸಂತೆಯಿಂದ ದಂಟು ತಂದುಕೊಟ್ಟರೆ, ಇದಕ್ಕೆ ಏನು ಹೊಡೆದವ್ರೋ ಎಂದು ಬೀದಿಯ ದನಕ್ಕೂ ಹಾಕಲಿಲ್ಲ.

ಈ ಸಲ ಮೊದಲ ಮಳೆಯಾದ ಮೇಲೆ ನಾನೇ ಅವಳನ್ನು ಎಬ್ಬಿಸಿಕೊಂಡು ಹೊರಟೆ. ನಮ್ಮ ಹಿತ್ತಲು ಬೇಡ ಎಂದಳು. ಈ ವರ್ಷ ನಾವು ಏನೂ ಹೊಡೆದಿಲ್ಲ ಎಂದೆ. ನೀವು ಹೊಡೆದಿಲ್ಲ, ಪಕ್ಕದ ಟೊಮ್ಯಾಟೊದವರು ಹೊಡೆದಿರ್ತಾರೆ, ಎಂದಳು. ಮಾವಿನ ತೋಪು ಬೇಡ, ಅಲ್ಲಿಯೂ ಹೊಡೆಯುತ್ತಾರೆ. ರಸ್ತೆಯ ಪಕ್ಕ ಬೇಡ. ಕೊನೆಗೆ ಕೆರೆಕಟ್ಟೆಯ ಆಚೆ, ಯಾರೂ ಬೇಸಾಯ ಮಾಡದ ಕಲ್ಲುಗುಡ್ಡೆಯ ಬುಡಕ್ಕೆ ಹೋದೆವು. ಇಬ್ಬರು ಮುದುಕಿಯರು, ಒಬ್ಬಳಿಗೆ ಕಾಲಿಲ್ಲ, ಒಬ್ಬಳಿಗೆ ಸೊಂಟವಿಲ್ಲ. ದಾರಿಯಲ್ಲಿ ಆಡು ಮೇಯಿಸುವವನು, ಎಲ್ಲಿಗೆ ಹೊರಟವು ಎರಡೂ ಎಂದು ಕೇಳಿದ. ಮದುವೆಗೆ ಎಂದಳು ಯಲ್ಲಕ್ಕ. ಬಹಳ ದಿನದ ಮೇಲೆ ಅವಳ ಬಾಯಿಂದ ಅಂಥ ಮಾತು ಬಂದದ್ದು.

ಅಲ್ಲಿ ಅಣ್ಣೆ ಸೊಪ್ಪು ಎಳೆಯದಾಗಿ ಎದ್ದಿತ್ತು. ಅವಳು ಮಡಿಲು ಕಟ್ಟಿದಳು. ನನಗೆ ಕೂರಲಾಗದು, ಬಂಡೆಗೆ ಒರಗಿ ನಿಂತು ನೋಡುತ್ತಿದ್ದೆ. ಕೈ ಮರೆತಿರಲಿಲ್ಲ. ಉಗುರು ತಾಗಿದಲ್ಲೆಲ್ಲ ಚಿಗುರು ಬರುತ್ತಿತ್ತು. ಮಡಿಲು ತುಂಬುತ್ತಾ ಬಂತು. ಇವತ್ತು ಬೇಯಿಸುತ್ತಾಳೆ, ಉಣ್ಣುತ್ತಾಳೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಅವಳು ಎದ್ದು ಬಂದು ಒಂದು ಹಿಡಿ ಸೊಪ್ಪನ್ನು ನನ್ನ ಮೂಗಿಗೆ ಹಿಡಿದಳು.

"ವಾಸನೆ ನೋಡು ಮುನೆಮ್ಮ."

ನೋಡಿದೆ. ಮಣ್ಣು, ಮಳೆ, ಎಲೆ. "ಏನೂ ಇಲ್ಲ. ಸೊಪ್ಪಿನ ವಾಸನೆ ಐತೆ, ಅಷ್ಟೇ."

"ಅವತ್ತೂ ಅಷ್ಟೇ ಇತ್ತು ಕಣೇ," ಎಂದಳು.

ಮಡಿಲು ಬಿಚ್ಚಿ ಸೊಪ್ಪನ್ನೆಲ್ಲ ಕಲ್ಲಿನ ಮೇಲೆ ಸುರಿದಳು. ಸೀರೆಗೆ ಅಂಟಿದ್ದ ಎಲೆಗಳನ್ನು ಒಂದೊಂದಾಗಿ ಕೊಡವಿದಳು. ಕಟ್ಟೆ ಇಳಿದು ಮನೆಗೆ ಬಂದೆವು. ದಾರಿಯ ಎರಡೂ ಕಡೆ ಸೊಪ್ಪು ಗೇಣುದ್ದ ಬೆಳೆದು ನಿಂತಿತ್ತು.